ಡಾಕ್ಟರು ಮಲಗಿದಾಗ ಫೋನ್ ಯಾರ ಕೈಯಲ್ಲಿ?

(ವೈದ್ಯರು, ನರ್ಸ್‌ಗಳು ಮತ್ತು ಅವರ ಮನೆಯವರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ಒಂದು ವಿಭಾಗದ ಮುಖ್ಯಸ್ಥನಾಗಿದ್ದೆ. ನಮ್ಮ ಕಿರಿಯ ಡಾಕ್ಟರುಗಳು ತುಂಬ ಸೊರಗಿದ್ದು ಕಾಣಿಸುತ್ತಿತ್ತು. ಏನಾದರೂ ಮಾಡಬೇಕಲ್ಲ ಅಂತ ಒತ್ತಡ ನಿಭಾಯಿಸುವ ಬಗ್ಗೆ ಒಂದು ಕಾರ್ಯಕ್ರಮ ಇಟ್ಟೆ. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ. ಹಾಜರಿ ಕಡ್ಡಾಯ. ಹಿಂದಿನ ರಾತ್ರಿ ಡ್ಯೂಟಿ ಮಾಡಿದವರೂ ಮನೆಗೆ ಹೋಗದೆ ಬಂದು ಕೂತಿದ್ದರು. ಹೇಳಿಕೊಡಲು ಬಂದವರು 'ಕಣ್ಣು ಮುಚ್ಚಿ, ಉಸಿರಾಟದ ಮೇಲೆ ಗಮನ ಇಡಿ' ಅಂದರು. ಎರಡೇ ನಿಮಿಷ, ಹಿಂದಿನ ಸಾಲಿನಿಂದ ಗೊರಕೆ ಶುರುವಾಯಿತು. ಪಕ್ಕದವರು ಎಬ್ಬಿಸಲು ಹೋದರು. ನಾನು ಕೈಸನ್ನೆ ಮಾಡಿ ಬೇಡ ಅಂದೆ. ಎಲ್ಲ ಮುಗಿದ ಮೇಲೆ ಆ ಹುಡುಗಿಯನ್ನು ಕೇಳಿದೆ, 'ಎದ್ದು ಎಷ್ಟು ಹೊತ್ತಾಯ್ತಮ್ಮ?' ಬೆರಳು ಮಡಚಿ ಲೆಕ್ಕ ಹಾಕಿದಳು. 'ಮೂವತ್ತೊಂದು ಗಂಟೆ ಸರ್.'

ಆ ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ, ಬರೆದವನು ನಾನೇ.

ಅವತ್ತಿನಿಂದ ಒಂದು ವಿಚಾರ ತಲೆಯಲ್ಲಿ ಕೂತುಬಿಟ್ಟಿದೆ. 'ನಿಮ್ಮ ಆರೋಗ್ಯ ನೋಡಿಕೊಳ್ಳಿ ಡಾಕ್ಟ್ರೇ' ಅಂತ ಎಲ್ಲರೂ ಹೇಳುತ್ತಾರೆ. ಚೆನ್ನಾಗಿ ನಿದ್ದೆ ಮಾಡಿ, ವಾಕಿಂಗ್ ಹೋಗಿ, ಮಕ್ಕಳ ಜೊತೆ ಕೂತು ಊಟ ಮಾಡಿ. ಎಲ್ಲ ಸರಿ. ಆದರೆ ವಾರ್ಡಿಗೆ ಬೀಗ ಹಾಕಿ ಹೋಗಲು ಬರುವುದಿಲ್ಲ ಅಲ್ವಾ? ಒಬ್ಬ ಡಾಕ್ಟರು ಮಲಗಬೇಕು ಅಂದರೆ ಇನ್ನೊಬ್ಬರು ಎದ್ದಿರಬೇಕು. ನಮ್ಮ ಕೆಲಸದಲ್ಲಿ ಸ್ವಂತ ಆರೈಕೆ ಅನ್ನುವುದು ಒಬ್ಬರೇ ಮಾಡಿಕೊಳ್ಳುವ ಕೆಲಸ ಅಲ್ಲವೇ ಅಲ್ಲ. ಬೇರೆ ಯಾರಾದರೂ ನಮ್ಮ ಫೋನ್ ಇಸಿದುಕೊಂಡು 'ಹೋಗು, ನಾನಿದ್ದೀನಿ' ಅನ್ನಬೇಕು. ಇವತ್ತು ನಾನು ಸುತ್ತಿ ಸುತ್ತಿ ಹೇಳುವುದು ಈ ಒಂದೇ ಮಾತನ್ನು.

ಬರ್ನ್‌ಔಟ್, ಅಂದರೆ ದುಡಿದು ದುಡಿದು ಒಳಗೇ ಬತ್ತಿಹೋಗುವುದು, ಅನ್ನುವ ಪದ ನಿಮಗೆಲ್ಲ ಗೊತ್ತು. ಅದನ್ನು ಈ ಅರ್ಥದಲ್ಲಿ ಚಾಲ್ತಿಗೆ ತಂದವರು ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್, 1974ರಲ್ಲಿ. ಅವರು ಹಗಲು ತಮ್ಮ ಪ್ರಾಕ್ಟೀಸ್ ಮುಗಿಸಿ ಸಂಜೆ ಒಂದು ಉಚಿತ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದರು. ಜೊತೆಯವರು ಬತ್ತಿಹೋಗುವುದನ್ನು ನೋಡಿದರು. ತಾವೂ ಬತ್ತುತ್ತಿರುವುದನ್ನು ನೋಡಿದರು. ಸೋಮಾರಿಗಳಲ್ಲ, ಅತಿ ಹೆಚ್ಚು ಮನಸ್ಸಿಟ್ಟು ದುಡಿಯುವವರೇ ಮೊದಲು ಬತ್ತುತ್ತಾರೆ ಅನ್ನುವುದನ್ನೂ ಗುರುತಿಸಿದರು.

ಇದನ್ನು ಅಳೆಯುವ ದಾರಿ ಮಾಡಿಕೊಟ್ಟವರು ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್. 1981ರಲ್ಲಿ ಅವರು ತಂದ 22 ಪ್ರಶ್ನೆಗಳ ಪಟ್ಟಿ ಇವತ್ತಿಗೂ ಬಳಕೆಯಲ್ಲಿದೆ. ಅದು ಮೂರು ಸಂಗತಿ ನೋಡುತ್ತದೆ. ಮನಸ್ಸು ಪೂರ್ತಿ ಬರಿದಾಗುವುದು ಒಂದು. 'ನಾನು ಮಾಡಿದ್ದರಿಂದ ಯಾರಿಗೆ ಏನಾಯ್ತು?' ಅನ್ನುವ ಖಾಲಿತನ ಇನ್ನೊಂದು. ಇವೆರಡನ್ನೂ ನಾವು ನಮ್ಮಲ್ಲೇ ಬೇಗ ಗುರುತಿಸಿಕೊಳ್ಳುತ್ತೇವೆ. ಉಳಿದ ಒಂದು ಮಾತ್ರ ಕಳ್ಳನ ಹಾಗೆ ಬರುತ್ತದೆ. ರೋಗಿ ಮನುಷ್ಯನಾಗಿ ಕಾಣಿಸುವುದು ನಿಲ್ಲುತ್ತದೆ. 'ಎಂಟನೇ ಬೆಡ್‌ನ ಲಿವರ್ ಏನಾಯ್ತು?' ಅಂತ ಕೇಳುತ್ತೇವೆ. ನಾನೂ ಕೇಳಿದ್ದೇನೆ. ಒಂದು ಸಲ ಆ ಲಿವರಿನ ಹೆಂಡತಿ ಪಕ್ಕದಲ್ಲೇ ನಿಂತಿದ್ದರು. ಅವರು ಏನೂ ಅನ್ನಲಿಲ್ಲ. ಸುಮ್ನೆ ಗಂಡನ ಹೊದಿಕೆ ಸರಿ ಮಾಡಿದರು.

ಇಲ್ಲಿ ಒಂದು ಗೆರೆ ಎಳೆಯಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು ತನ್ನ ಹೊಸ ರೋಗ ವರ್ಗೀಕರಣದಲ್ಲಿ ಸೇರಿಸಿತು. ಆದರೆ ರೋಗ ಅಂತ ಅಲ್ಲ. ಕೆಲಸದ ಜಾಗದಲ್ಲಿ ಹುಟ್ಟುವ ಒಂದು ಸ್ಥಿತಿ ಅಂತ. ಸರಿಯಾಗಿ ನಿಭಾಯಿಸದ, ದಿನದಿನವೂ ಇರುವ ಕೆಲಸದ ಒತ್ತಡದಿಂದ ಬರುವುದು ಅಂತ. ಖಿನ್ನತೆ ಬೇರೆ. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ, ಬೇಗ ತೆಗೆದುಕೊಳ್ಳಬೇಕು. ಎರಡೂ ಒಟ್ಟಿಗೇ ಇರಬಹುದು. ರಜೆ ಸಿಕ್ಕಿದರೂ ಮನಸ್ಸು ಏಳುತ್ತಿಲ್ಲ, ಯಾವುದರಲ್ಲೂ ರುಚಿ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಬರ್ನ್‌ಔಟ್ ಅಂತ ಹೆಸರಿಟ್ಟು ಮುಂದೂಡಬೇಡಿ. ಅವತ್ತೇ ಯಾರಿಗಾದರೂ ಹೇಳಿ, ಮನೋವೈದ್ಯರನ್ನು ಕಾಣಿ.

ಈಗ ಹಿರಿಯರು ಹೇಳುವ ಒಂದು ಮಾತಿಗೆ ಬರುತ್ತೇನೆ. 'ಈಗಿನ ಹುಡುಗರಿಗೆ ತಾಳ್ಮೆ ಇಲ್ಲ, ನಮ್ಮ ಕಾಲದಲ್ಲಿ ನಾವು ಮಾಡಲಿಲ್ವಾ?' ನಾನೂ ಹೇಳಿದವನೇ. ಆದರೆ ಅಳೆದು ನೋಡಿದವರು ಬೇರೆ ಕಥೆ ಹೇಳುತ್ತಾರೆ. ಅಮೆರಿಕದಲ್ಲಿ ಮೆಡಿಕಲ್ ಕಾಲೇಜಿಗೆ ಸೇರುವ ಹೊತ್ತಿಗೆ ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯ ಅದೇ ವಯಸ್ಸಿನ ಬೇರೆಯವರಿಗಿಂತ ಚೆನ್ನಾಗಿಯೇ ಇತ್ತು. ಕೆಡುವುದು ಒಳಗೆ ಬಂದ ಮೇಲೆ. 2020ರಲ್ಲಿ ಬಂದ ಅಲ್ಲಿನದೇ ಇನ್ನೊಂದು ಅಧ್ಯಯನ ಪೆಟ್ಟು ತಡೆದುಕೊಳ್ಳುವ ಶಕ್ತಿಯನ್ನು ಅಳೆಯಿತು. ವೈದ್ಯರಲ್ಲಿ ಅದು ಬೇರೆ ಉದ್ಯೋಗಿಗಳಿಗಿಂತ ಜಾಸ್ತಿ ಇತ್ತು. ಅತಿ ಗಟ್ಟಿಗರಲ್ಲೂ ಶೇ 29ರಷ್ಟು ಮಂದಿ ಬರ್ನ್‌ಔಟ್ ಆಗಿದ್ದರು. ಅಂದರೆ ಗಟ್ಟಿತನದ ಪಾಠ ಹೇಳಿ ಈ ಸಮಸ್ಯೆ ಮುಗಿಯುವುದಿಲ್ಲ. ಗಟ್ಟಿ ಇರುವವರನ್ನೇ ಆರಿಸಿ ತಂದು ಸವೆಸುತ್ತಿದ್ದೇವೆ.

ಈ ನಿದ್ದೆಗೆಡುವ ಪದ್ಧತಿ ಎಲ್ಲಿಂದ ಬಂತು ಗೊತ್ತಾ? ಡಾಕ್ಟರುಗಳ ರೆಸಿಡೆನ್ಸಿ ತರಬೇತಿಯ ಮಾದರಿ ರೂಪುಗೊಂಡದ್ದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ. ಆಸ್ಪತ್ರೆ ಶುರುವಾದದ್ದು 1889ರಲ್ಲಿ. ಶಸ್ತ್ರಚಿಕಿತ್ಸೆಯ ತರಬೇತಿಯನ್ನು ಅಲ್ಲಿ ಕಟ್ಟಿದವರು ವಿಲಿಯಂ ಹಾಲ್‌ಸ್ಟೆಡ್. ಕಲಿಯುವವರು ಆಸ್ಪತ್ರೆಯಲ್ಲೇ ವಾಸ ಮಾಡಬೇಕಿತ್ತು. 'ರೆಸಿಡೆಂಟ್' ಅನ್ನುವ ಹೆಸರು ಆ ವಾಸದಿಂದಲೇ ಬಂದದ್ದು. ಹಾಲ್‌ಸ್ಟೆಡ್ ಮಹಾನ್ ಸರ್ಜನ್, ಅನುಮಾನವಿಲ್ಲ. ಆದರೆ 1884ರ ಸುಮಾರಿಗೆ ಕೊಕೇನನ್ನು ಅರಿವಳಿಕೆಯಾಗಿ ತಮ್ಮ ಮೈಮೇಲೇ ಪ್ರಯೋಗ ಮಾಡಿ ಅದರ ಚಟಕ್ಕೆ ಬಿದ್ದಿದ್ದರು. ಮುಂದೆ ಮಾರ್ಫಿನ್ ಕೂಡ ಅಂಟಿಕೊಂಡಿತು. ಅವರ ಚಟವೇ ಈ ಪದ್ಧತಿಗೆ ಕಾರಣ ಅಂತ ನಾನು ಹೇಳುತ್ತಿಲ್ಲ. ಕಾಯಿಲೆ ಬಚ್ಚಿಟ್ಟುಕೊಂಡು ದುಡಿಯುವ ಡಾಕ್ಟರು ನಮ್ಮ ಮನೆತನದ ಮೊದಲ ಪುಟದಲ್ಲೇ ಇದ್ದಾರೆ ಅಂತಷ್ಟೇ ಹೇಳುತ್ತಿದ್ದೇನೆ.

ನಿದ್ದೆಯ ಲೆಕ್ಕ ನೋಡೋಣ. 1997ರಲ್ಲಿ ಇಬ್ಬರು ಸಂಶೋಧಕರು ನಿದ್ದೆಗೆಟ್ಟವರನ್ನೂ ಕುಡಿದವರನ್ನೂ ಒಂದೇ ಪರೀಕ್ಷೆಗೆ ಕೂರಿಸಿದರು. 17 ಗಂಟೆ ಎದ್ದಿದ್ದವರ ಕೈ ಮತ್ತು ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ 0.05ರಷ್ಟು ಮದ್ಯ ಇದ್ದವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆ ಆದಾಗ ಅದು ಸುಮಾರು ಶೇ 0.10ಕ್ಕೆ ಸಮ. ಕುಡಿದು ಬಂದ ಡಾಕ್ಟರನ್ನು ಆಪರೇಷನ್ ಥಿಯೇಟರ್ ಒಳಗೆ ಯಾರೂ ಬಿಡುವುದಿಲ್ಲ. ನಿದ್ದೆಗೆಟ್ಟು ಬಂದವರಿಗೆ ಶಹಬ್ಬಾಸ್ ಅನ್ನುತ್ತೇವೆ.

2004ರಲ್ಲಿ ಬಾಸ್ಟನ್ನಿನ ಐಸಿಯುಗಳಲ್ಲಿ ಒಂದು ಹೋಲಿಕೆ ನಡೆಯಿತು. 24 ಗಂಟೆ ದಾಟುವ ಹಳೆಯ ಪಾಳಿ ಒಂದು ಕಡೆ, ಚಿಕ್ಕ ಪಾಳಿ ಇನ್ನೊಂದು ಕಡೆ. ಹಳೆಯ ಪಾಳಿಯಲ್ಲಿ ಇಂಟರ್ನ್‌ಗಳ, ಅಂದರೆ ಮೊದಲ ವರ್ಷದ ತರಬೇತಿಯ ಡಾಕ್ಟರುಗಳ, ಗಂಭೀರ ತಪ್ಪುಗಳು ಸುಮಾರು ಶೇ 36ರಷ್ಟು ಜಾಸ್ತಿ. ಮುಂದಿನ ವರ್ಷ ಅದೇ ಗುಂಪಿನವರು ಇನ್ನೊಂದು ವಿಷಯ ತೋರಿಸಿದರು. ಉದ್ದದ ಪಾಳಿ ಮುಗಿಸಿ ಗಾಡಿ ಓಡಿಸಿಕೊಂಡು ಮನೆಗೆ ಹೋಗುವಾಗ ಅಪಘಾತದ ಸಂಭವ ಎರಡು ಪಟ್ಟಿಗಿಂತ ಹೆಚ್ಚು. ಇಲ್ಲಿ ಹೌಸ್‌ಸರ್ಜನ್‌ಗಳ ತಂದೆ ತಾಯಿ ಇದ್ದರೆ ಕೇಳಿಸಿಕೊಳ್ಳಿ. ನೈಟ್ ಡ್ಯೂಟಿ ಮುಗಿಸಿ ಗಾಡಿ ಓಡಿಸಬೇಡ ಅಂತ ಇವತ್ತೇ ಹೇಳಿ. ಡ್ಯೂಟಿ ರೂಮಿನಲ್ಲಿ ಅರ್ಧ ಗಂಟೆ ಮಲಗಿ ಹೊರಟರೂ ಅಷ್ಟರಮಟ್ಟಿಗೆ ಒಳ್ಳೆಯದೇ.

ಗಂಟೆಗೆ ಮಿತಿ ಹಾಕಿದರೆ ಆಯ್ತಲ್ಲ ಅನ್ನಬಹುದು. ಹಾಕಿದ್ದಾರೆ. ನ್ಯೂಯಾರ್ಕಿನಲ್ಲಿ 1984ರಲ್ಲಿ ಹದಿನೆಂಟು ವರ್ಷದ ಹುಡುಗಿಯೊಬ್ಬಳು ಆಸ್ಪತ್ರೆಗೆ ಸೇರಿದ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ನೋಡಿಕೊಳ್ಳುತ್ತಿದ್ದವರು ರಾತ್ರಿಯಿಡೀ ಬಹಳ ರೋಗಿಗಳನ್ನು ಹೊತ್ತಿದ್ದ ಕಿರಿಯ ವೈದ್ಯರು. ತಂದೆ ಪತ್ರಕರ್ತ, ಬಿಡಲಿಲ್ಲ. 1989ರಲ್ಲಿ ಆ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ತಂದಿತು. 2003ರಲ್ಲಿ ಇಡೀ ದೇಶದ ತರಬೇತಿಗೆ ಅದೇ ಮಿತಿ ಬಂತು. 80 ಗಂಟೆ ಅಂದರೆ ಎರಡು ಜನರ ಕೆಲಸ, ಅದನ್ನೇ ಮಿತಿ ಅಂತ ಕರೆಯಬೇಕಾಯಿತು! ಯುರೋಪಿನಲ್ಲಿ ಕಿರಿಯ ವೈದ್ಯರಿಗೂ 48 ಗಂಟೆಯ ನಿಯಮ 2009ರ ಹೊತ್ತಿಗೆ ಬಂತು. 2011ರಲ್ಲಿ ಅಮೆರಿಕ ಮೊದಲ ವರ್ಷದವರ ಪಾಳಿಯನ್ನು 16 ಗಂಟೆಗೆ ಇಳಿಸಿತು. 2017ರಲ್ಲಿ ಮತ್ತೆ 24ಕ್ಕೆ ಏರಿಸಿತು. ಯಾಕೆ? ದೊಡ್ಡ ಪ್ರಯೋಗಗಳಲ್ಲಿ ರೋಗಿಗಳ ಪರಿಣಾಮದಲ್ಲಿ ಅಂಥ ವ್ಯತ್ಯಾಸ ಕಾಣಿಸಲಿಲ್ಲ.

ನನಗೆ ಇದರಲ್ಲಿ ಆಶ್ಚರ್ಯ ಇಲ್ಲ. ಗಂಟೆ ಕಡಿಮೆ ಮಾಡಿ, ಕೆಲಸ ಅಷ್ಟೇ ಇಟ್ಟು, ಜನ ಅಷ್ಟೇ ಇಟ್ಟರೆ ಏನಾಗುತ್ತದೆ? ಅದೇ ಕೆಲಸ ಓಡಿ ಓಡಿ ಮಾಡುತ್ತಾರೆ. ಉಳಿದದ್ದನ್ನು ಅರ್ಧಂಬರ್ಧ ಹೇಳಿ ಮುಂದಿನವರ ತಲೆಗೆ ಕಟ್ಟುತ್ತಾರೆ. ಪಾಳಿ ಚಿಕ್ಕದಾದಷ್ಟೂ ಹ್ಯಾಂಡ್‌ಓವರ್, ಅಂದರೆ ಮುಂದಿನ ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸುವುದು, ಜಾಸ್ತಿ. ಹ್ಯಾಂಡ್‌ಓವರ್ ಕೆಟ್ಟದಾಗಿದ್ದರೆ ರೋಗಿಗೆ ಅಪಾಯ, ಮನೆಗೆ ಹೋದವರಿಗೆ ನಿದ್ದೆ ಇಲ್ಲ. ಹಾಸಿಗೆಯಲ್ಲಿ ಬಿದ್ದುಕೊಂಡು 'ಹನ್ನೆರಡನೇ ಬೆಡ್‌ನ ರಕ್ತ ಪೊಟ್ಯಾಸಿಯಂ ಪರೀಕ್ಷೆಗೆ ಕಳಿಸಿದೆನಾ?' ಅಂತ ಯೋಚಿಸುವುದು ನಿದ್ದೆ ಅಲ್ಲ. ಇದು ಅನುಭವಿಸಿದವರಿಗೇ ಗೊತ್ತು.

ಹಾಗಾಗಿ ಹ್ಯಾಂಡ್‌ಓವರನ್ನು ನಾನು ಡಾಕ್ಟರ ಆರೋಗ್ಯದ ವಿಷಯ ಅಂತಲೇ ನೋಡುತ್ತೇನೆ. ಐ-ಪಾಸ್ ಅನ್ನುವ ಒಂದು ಕ್ರಮ ಇದೆ. ರೋಗಿ ಎಷ್ಟು ಗಂಭೀರ, ಕಥೆ ಏನು, ಏನೇನು ಮಾಡಬೇಕು, ಹೀಗಾದರೆ ಏನು ಮಾಡಬೇಕು, ಕೊನೆಗೆ ಕೇಳಿಸಿಕೊಂಡವರು ತಮ್ಮ ಮಾತಿನಲ್ಲಿ ಒಮ್ಮೆ ತಿರುಗಿ ಹೇಳಬೇಕು. ಅಷ್ಟೇ. ಒಂಬತ್ತು ಆಸ್ಪತ್ರೆಗಳಲ್ಲಿ ಇದನ್ನು ಕಲಿಸಿ ನೋಡಿದ ಅಧ್ಯಯನ 2014ರಲ್ಲಿ ಬಂತು. ತಪ್ಪುಗಳು ಶೇ 23ರಷ್ಟು ಇಳಿದವು. ತಡೆಯಬಹುದಾಗಿದ್ದ ಹಾನಿ ಶೇ 30ರಷ್ಟು ಇಳಿಯಿತು. ಮುಂದಿನ ಪಾಳಿಯವರು ತಿರುಗಿ ಹೇಳಿದ್ದನ್ನು ಕೇಳಿ ಮನೆಗೆ ಹೋದವರು ಹೇಗೆ ಮಲಗುತ್ತಾರೆ ಅಂತ ಆ ಅಧ್ಯಯನ ಅಳೆದಿರಲಿಲ್ಲ. ನನ್ನ ವಾರ್ಡಿನಲ್ಲಿ ನಾನು ನೋಡಿದ್ದೇನೆ. ರಾತ್ರಿ ಹನ್ನೊಂದಕ್ಕೆ 'ಸರ್, ಒಂದ್ಸಲ ಚೆಕ್ ಮಾಡಿ' ಅಂತ ಮನೆಯಿಂದ ಬರುತ್ತಿದ್ದ ಮೆಸೇಜುಗಳು ನಿಂತುಹೋದವು.

ಇನ್ನು ಬರವಣಿಗೆ. ಇದರ ಬಗ್ಗೆ ಮಾತು ಶುರುಮಾಡಿದರೆ ನನಗೆ ನಿಲ್ಲಿಸಲು ಬರುವುದಿಲ್ಲ, ಕ್ಷಮಿಸಿ. 2016ರಲ್ಲಿ ಅಮೆರಿಕದ 57 ವೈದ್ಯರ ಪಕ್ಕದಲ್ಲಿ ಕೂತು ಸಮಯ ಎಣಿಸಿದರು. ರೋಗಿಯ ಎದುರು ಒಂದು ಗಂಟೆ ಕಳೆದರೆ ಕಂಪ್ಯೂಟರ್ ಮತ್ತು ಕಾಗದದ ಎದುರು ಸುಮಾರು ಎರಡು ಗಂಟೆ. ಅದು ಸಾಲದು ಅಂತ ರಾತ್ರಿ ಮನೆಯಲ್ಲಿ ಒಂದೆರಡು ಗಂಟೆ. ವೈದ್ಯರಾಗಬೇಕು ಅಂತ ಬಂದವರು ಟೈಪಿಸ್ಟ್ ಆಗಿ ಮನೆಗೆ ಹೋಗುತ್ತಾರೆ.

ಅಮೆರಿಕದ ಹವಾಯಿ ರಾಜ್ಯದ ಒಂದು ಆಸ್ಪತ್ರೆ ಸಮೂಹ, ಹವಾಯಿ ಪೆಸಿಫಿಕ್ ಹೆಲ್ತ್, ಇದಕ್ಕೆ ಮಾಡಿದ ಕೆಲಸ ನನಗೆ ಬಹಳ ಇಷ್ಟ. 2017ರ ಅಕ್ಟೋಬರಿನಲ್ಲಿ ಎಲ್ಲ ಸಿಬ್ಬಂದಿಗೂ ಒಂದು ಕರೆ ಕೊಟ್ಟರು. ದಿನವೂ ಕಂಪ್ಯೂಟರಿನಲ್ಲಿ ತುಂಬುವುದರಲ್ಲಿ ನಿಮಗೆ ಪೆದ್ದು ಅನ್ನಿಸುವುದು ಏನಿದೆಯೋ ಬರೆದು ಕಳಿಸಿ ಅಂತ. ಯೋಜನೆಯ ಹೆಸರೇ ಹೆಚ್ಚುಕಡಿಮೆ 'ಪೆದ್ದು ಕೆಲಸ ತೊಲಗಿಸೋಣ' ಅಂತ. ಹರೆಯದ ಮಕ್ಕಳನ್ನು ನೋಡಿಕೊಳ್ಳುವ ನರ್ಸ್ ಒಬ್ಬರು ಬರೆದರು. ಅವರ ತಪಾಸಣೆಯ ಪುಟದಲ್ಲಿ ಹೊಕ್ಕುಳಬಳ್ಳಿಯ ಸಾಲು ಬರುತ್ತಿತ್ತಂತೆ! ಹಸುಗೂಸಿಗೆ ಬೇಕಾದ ಸಾಲು, ಯಾರೋ ಯಾವಾಗಲೋ ಎಲ್ಲ ಮಕ್ಕಳಿಗೂ ಅಂಟಿಸಿಬಿಟ್ಟಿದ್ದರು. ಇನ್ನೊಂದು, ಗಂಟೆಗೊಮ್ಮೆ ರೋಗಿಯನ್ನು ನೋಡಿ ಬಂದೆ ಅಂತ ನರ್ಸ್‌ಗಳು ಒತ್ತಬೇಕಿದ್ದ ಗುಂಡಿ. ನೋಡುವುದು ಬೇಕು, ಒತ್ತುವುದು ಯಾಕೆ? ತೆಗೆದುಹಾಕಿದರು. ನಾಲ್ಕು ಆಸ್ಪತ್ರೆ ಸೇರಿ ತಿಂಗಳಿಗೆ ಸುಮಾರು 1,700 ನರ್ಸ್ ಗಂಟೆ ಉಳಿಯಿತು.

ಇದರಲ್ಲಿ ದುಡ್ಡಿನ ಮಾತೇ ಇಲ್ಲ, ನೋಡಿ. ಕೇಳಿದರು, ತೆಗೆದರು. ಆಡಳಿತದವರು ಯಾರಾದರೂ ಇದ್ದರೆ ನನ್ನದೊಂದು ವಿನಂತಿ. ಮುಂದಿನ ತಿಂಗಳು ಹೊಸ ಫಾರ್ಮ್ ತರುವ ಮುಂಚೆ ಒಂದು ಹಳೆಯ ಫಾರ್ಮ್ ತೆಗೆಯಿರಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಂದೇ ವಿಷಯವನ್ನು ಎಷ್ಟು ಸಲ ಬರೆಯುತ್ತಿದ್ದಾರೆ ಅಂತ ಒಂದು ದಿನ ಪಕ್ಕದಲ್ಲಿ ಕೂತು ನೋಡಿ. ಆಮೇಲೆ ಬೇಕಾದರೆ ಧ್ಯಾನದ ಶಿಬಿರ ಇಡಿ.

ಧ್ಯಾನವನ್ನು ನಾನು ಹೀಯಾಳಿಸುತ್ತಿಲ್ಲ. ನಾನೂ ದಿನಕ್ಕೆ ಹತ್ತು ನಿಮಿಷ ಕೂರುತ್ತೇನೆ. 2016 ಮತ್ತು 2017ರಲ್ಲಿ ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ ನೋಡಿದ ಎರಡು ದೊಡ್ಡ ವಿಶ್ಲೇಷಣೆ ಬಂದವು. ಮೊದಲನೆಯದರ ಪ್ರಕಾರ ಇಂಥ ಪ್ರಯತ್ನಗಳಿಂದ ಬರ್ನ್‌ಔಟ್ ಪ್ರಮಾಣ ಶೇ 54ರಿಂದ 44ಕ್ಕೆ ಇಳಿಯಿತು. ಎರಡನೆಯದು ಇನ್ನೊಂದು ಮಾತು ಸೇರಿಸಿತು. ವ್ಯಕ್ತಿಯನ್ನು ತಿದ್ದುವುದಕ್ಕಿಂತ ಕೆಲಸದ ಜಾಗವನ್ನು ತಿದ್ದಿದಾಗ ಫಲ ಹೆಚ್ಚು. ವ್ಯಕ್ತಿಯ ಪ್ರಯತ್ನ ಸೊನ್ನೆ ಅಲ್ಲ, ಅದೊಂದೇ ಸಾಲದು.

ಹಾಗಾದರೆ ನಾವು ನಾವೇ ಏನು ಮಾಡಿಕೊಳ್ಳಬಹುದು? ನಿದ್ದೆ, ಊಟ, ನೀರು ಅಂತ ನಿಮಗೆ ಹೇಳಲು ಹೋಗುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. ನಿಮಗೊಬ್ಬ ಡಾಕ್ಟರು ಇರಲಿ. ನಮ್ಮಲ್ಲಿ ಎಷ್ಟು ಜನರಿಗೆ ಡಾಕ್ಟರು ಇದ್ದಾರೆ, ಕೈ ಎತ್ತಿ ನೋಡೋಣ. (ಐದಾರು ಕೈ ಎದ್ದವು.) ನೋಡಿದಿರಾ! ನಮ್ಮ ಬಿಪಿ ನಾವೇ ನೋಡುತ್ತೇವೆ, ಮಾತ್ರೆ ನಾವೇ ಬರೆದುಕೊಳ್ಳುತ್ತೇವೆ. ಎದೆ ನೋವು ಬಂದರೆ ಕಾರಿಡಾರಿನಲ್ಲಿ ಸಿಕ್ಕ ಗೆಳೆಯನಿಗೆ ಇಸಿಜಿ ತೋರಿಸುತ್ತೇವೆ. ನಿದ್ದೆ ಮಾತ್ರೆಯ ವಿಷಯ ಬೇಡ ಬಿಡಿ. ಸರಿಯಾಗಿ ಚೀಟಿ ಮಾಡಿಸಿ, ಸರತಿಯಲ್ಲಿ ಕೂತು, ರೋಗಿಯಾಗಿ ಒಬ್ಬರ ಮುಂದೆ ಹೋಗಿ. 2017ರಲ್ಲಿ ವಿಶ್ವ ವೈದ್ಯಕೀಯ ಸಂಘ ವೈದ್ಯರ ಜಿನೀವಾ ಪ್ರಮಾಣವಚನವನ್ನು ಪರಿಷ್ಕರಿಸಿತು. ನನ್ನ ಸ್ವಂತ ಆರೋಗ್ಯವನ್ನೂ ನೋಡಿಕೊಳ್ಳುತ್ತೇನೆ, ಒಳ್ಳೆಯ ಚಿಕಿತ್ಸೆ ಕೊಡಲಿಕ್ಕಾಗಿ, ಅನ್ನುವ ಸಾಲು ಆಗ ಸೇರಿತು. 1948ರ ಪ್ರಮಾಣಕ್ಕೆ ಈ ಸಾಲು ಸೇರಲು ಅರವತ್ತೊಂಬತ್ತು ವರ್ಷ ಬೇಕಾಯಿತು.

ಹೋಗದಿರಲು ನಾಚಿಕೆ ಒಂದೇ ಕಾರಣ ಅಲ್ಲ, ಭಯವೂ ಇದೆ. ಅಮೆರಿಕದ ಸಮೀಕ್ಷೆಯೊಂದರಲ್ಲಿ ಸುಮಾರು ಶೇ 40ರಷ್ಟು ವೈದ್ಯರು ಲೈಸೆನ್ಸಿಗೆ ತೊಂದರೆಯಾದೀತು ಅಂತ ಮಾನಸಿಕ ಚಿಕಿತ್ಸೆಗೆ ಹಿಂಜರಿಯುತ್ತೇವೆ ಅಂದರು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಮೊದಲ ಅಲೆಯಲ್ಲಿ, ನ್ಯೂಯಾರ್ಕಿನ ತುರ್ತುಚಿಕಿತ್ಸಾ ವೈದ್ಯೆ ಲೋರ್ನಾ ಬ್ರೀನ್ ಅವರನ್ನು ಆತ್ಮಹತ್ಯೆಯಲ್ಲಿ ಕಳೆದುಕೊಂಡೆವು. ಅವರ ಮನೆಯವರು ಹೋರಾಡಿದರು. 2022ರಲ್ಲಿ ಆರೋಗ್ಯ ಸಿಬ್ಬಂದಿಯ ಮಾನಸಿಕ ಆರೋಗ್ಯಕ್ಕಾಗಿ ಅವರ ಹೆಸರಿನಲ್ಲೇ ಕಾನೂನು ಬಂತು. 'ಹಿಂದೆ ಯಾವತ್ತಾದರೂ ಮಾನಸಿಕ ಚಿಕಿತ್ಸೆ ಪಡೆದಿದ್ದೀರಾ?' ಅನ್ನುವ ಪ್ರಶ್ನೆಯನ್ನು ನಿಮ್ಮ ಆಸ್ಪತ್ರೆಯ ಕೆಲಸದ ಅರ್ಜಿ ಕೇಳುತ್ತದಾ? ಕೇಳಿದರೆ ಅದನ್ನು ತೆಗೆಸಿ. ಈಗ ಕೆಲಸ ಮಾಡಲು ಅಡ್ಡಿಯಾಗುವ ತೊಂದರೆ ಇದೆಯಾ ಅಂತ ಕೇಳಿದರೆ ಸಾಕು.

ತಪ್ಪು ಮಾಡಿದ ದಿನದ ಬಗ್ಗೆ ಒಂದು ಮಾತು. ರೋಗಿಗೆ ಹಾನಿಯಾದರೆ ಮೊದಲ ಸಂತ್ರಸ್ತರು ಅವರೇ, ಅವರ ಮನೆಯವರೇ. ಆದರೆ ಆ ಡಾಕ್ಟರೂ ಒಳಗೊಳಗೇ ಕುಸಿಯುತ್ತಾರೆ. 2000ದಲ್ಲಿ ಆಲ್ಬರ್ಟ್ ವೂ ಅವರು ಇವರನ್ನು 'ಎರಡನೇ ಸಂತ್ರಸ್ತರು' ಅಂತ ಕರೆದರು. ರೋಗಿಗಳ ಪರವಾಗಿ ಕೆಲಸ ಮಾಡುವವರಿಗೆ ಈ ಹೆಸರು ಇಷ್ಟವಿಲ್ಲ, ಅವರ ಮಾತಿನಲ್ಲೂ ನ್ಯಾಯ ಇದೆ. ಹೆಸರು ಏನೇ ಇರಲಿ. ಒಂದು ಮಗು ನನ್ನ ಕೈಯಲ್ಲಿ ಹೋದ ದಿನ ಐದು ನಿಮಿಷದ ನಂತರ ನಾನು ಹೊರರೋಗಿಗಳ ಓಪಿಡಿಯಲ್ಲಿ ಮುಂದಿನವರ ಕೆಮ್ಮು ಕೇಳುತ್ತಿದ್ದೆ. ಆ ಕೆಮ್ಮಿನವರಿಗೆ ಏನು ಬರೆದುಕೊಟ್ಟೆ ಅಂತ ಇವತ್ತಿಗೂ ನೆನಪಿಲ್ಲ. ಅವತ್ತು ಯಾರಾದರೂ ಬಂದು 'ಎದ್ದೇಳು, ಈ ಓಪಿಡಿ ನಾನು ನೋಡ್ತೀನಿ' ಅನ್ನಬೇಕಿತ್ತು. ಆ ರೋಗಿಯ ಸಲುವಾಗಿಯಾದರೂ.

ಮಾತಾಡುವುದಕ್ಕೂ ಇದೇ ಲೆಕ್ಕ. ಮೇಯೊ ಕ್ಲಿನಿಕ್ಕಿನಲ್ಲಿ 74 ವೈದ್ಯರ ಮೇಲೆ ಒಂದು ಪ್ರಯೋಗ ಮಾಡಿದರು, 2014ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಎರಡು ವಾರಕ್ಕೊಮ್ಮೆ ಒಂದು ಗಂಟೆ ಬಿಡುವು ಕೊಟ್ಟರು. ಆಸ್ಪತ್ರೆಯ ಖರ್ಚಿನಲ್ಲಿ, ಡ್ಯೂಟಿಯ ಒಳಗೇ. ಅರ್ಧ ಜನ ಆ ಗಂಟೆಯಲ್ಲಿ ಚಿಕ್ಕ ಗುಂಪಿನಲ್ಲಿ ಕೂತು ಕೆಲಸದ ಬಗ್ಗೆ ಮಾತಾಡಿದರು, ಉಳಿದವರು ಬಾಕಿ ಕೆಲಸಕ್ಕೆ ಬಳಸಿಕೊಂಡರು. ಒಂಬತ್ತು ತಿಂಗಳಾದ ಮೇಲೆ ಗುಂಪಿನವರಲ್ಲಿ ಕೆಲಸದ ಅರ್ಥ ಹೆಚ್ಚಿತ್ತು. ರೋಗಿಯನ್ನು ವಸ್ತುವಿನ ಹಾಗೆ ನೋಡುವುದು ಕಡಿಮೆಯಾಗಿತ್ತು. ಒಂದು ವರ್ಷ ಕಳೆದ ಮೇಲೂ ಆ ಫಲ ಉಳಿದಿತ್ತು. ನನ್ನ ಶನಿವಾರದ ಕಾರ್ಯಕ್ರಮ ಎಲ್ಲಿ ಸೋತಿತು ಅಂತ ಇದನ್ನು ಓದಿದಾಗ ನನಗೆ ಅರ್ಥವಾಯಿತು. ನಾನು ಅವರ ನಿದ್ದೆಯ ಗಂಟೆಯನ್ನು ಕಿತ್ತುಕೊಂಡಿದ್ದೆ.

ಕೊನೆಯಲ್ಲಿ ಪ್ರಶ್ನೆಗೆ ಸಮಯ ಕೊಟ್ಟಾಗ ಒಬ್ಬರು ಎದ್ದು ನಿಂತರು. 'ಸರ್, ನೀವು ಹೇಳಿದ್ದೆಲ್ಲ ದೊಡ್ಡ ಆಸ್ಪತ್ರೆಗೆ ಆಯ್ತು. ನಾನು ಒಬ್ಬಳೇ ಡಾಕ್ಟರು. ನನ್ನ ಫೋನ್ ಯಾರಿಗೆ ಕೊಡಲಿ?'

ಪೂರ್ತಿ ಉತ್ತರ ನನ್ನ ಹತ್ತಿರ ಇರಲಿಲ್ಲ. ಇಲ್ಲ ಅಂತಲೇ ಹೇಳಿದೆ. ಆಮೇಲೆ ನನಗೆ ಗೊತ್ತಿರುವ ಇಬ್ಬರ ಕಥೆ ಹೇಳಿದೆ. ಅಕ್ಕಪಕ್ಕದ ಊರುಗಳ ಒಂಟಿ ಡಾಕ್ಟರುಗಳು, ಪ್ರಾಕ್ಟೀಸಿನಲ್ಲಿ ಪೈಪೋಟಿ ಇದ್ದವರು. ಒಂದು ಭಾನುವಾರ ಇವರ ಫೋನಿನ ಕರೆಗಳು ಅವರಿಗೆ ಹೋಗುತ್ತವೆ, ಮುಂದಿನ ಭಾನುವಾರ ಅವರವು ಇವರಿಗೆ. ರೋಗಿಗಳಿಗೆ ಮೊದಲೇ ಬೋರ್ಡು ಹಾಕಿ ತಿಳಿಸಿದ್ದರು. ಗಂಭೀರ ಕೇಸುಗಳನ್ನು ಶನಿವಾರ ರಾತ್ರಿ ಹತ್ತು ನಿಮಿಷ ಮಾತಾಡಿ ಒಪ್ಪಿಸುತ್ತಾರೆ. ಮೊದಲ ತಿಂಗಳು ಇಬ್ಬರಿಗೂ ನಂಬಿಕೆ ಬರಲಿಲ್ಲವಂತೆ. ಬಿಡುವಿನ ದಿನವೂ ಮೂರು ಮೂರು ಸಲ ಫೋನ್ ಮಾಡಿ 'ಏನಾಯ್ತು, ಯಾರಾದ್ರೂ ಬಂದ್ರಾ?' ಅಂತ ವಿಚಾರಿಸುತ್ತಿದ್ದರಂತೆ.

ಪ್ರಶ್ನೆ ಕೇಳಿದವರು ಕೂರಲಿಲ್ಲ. 'ಆ ಬೋರ್ಡಿನಲ್ಲಿ ಏನಂತ ಬರೆದಿದ್ರು ಸರ್?' ಅಂತ ಕೇಳಿ ಪೆನ್ನು ತೆಗೆದರು.